ಮನೆ ಕಟ್ಟಿದ ಬಾಕಿಗೆ ಆ ಮನೆಯನ್ನೇ ಹಿಡಿಯುವುದು ಹೇಗೆ?

ಮಂಡ್ಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮನೆ ಕಟ್ಟುವ ಗುತ್ತಿಗೆ ಮಾಡುತ್ತಿದ್ದೇನೆ. ಮೈಸೂರಿನ ವಿಜಯನಗರದಲ್ಲಿ ಹದಿನಾಲ್ಕು ಚದರದ ಮನೆಯೊಂದನ್ನು ಮುಗಿಸಿದಾಗ ನನಗೆ 3.40 ಲಕ್ಷ ರೂಪಾಯಿ ಬಾಕಿ ಇತ್ತು. ಗೃಹಪ್ರವೇಶದ ದಿನ ಮಾಲೀಕರು ಹೋಳಿಗೆ ಬಡಿಸಿದರು, ಶಾಲು ಹೊದಿಸಿದರು. ಹಣ ಮಾತ್ರ ‘ಮುಂದಿನ ವಾರ’ ಎಂದರು. ಆ ವಾರ ಒಂದೂವರೆ ವರ್ಷವಾದರೂ ಬರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನ ಮಗ ಫೋನಿನಲ್ಲಿ, ‘ಮಾವ, ಮನೆಯ ಮೇಲೆ ಲೀನ್ ಹಾಕಿಬಿಡಿ’ ಎಂದ. ಅಲ್ಲಿ ಸಾಮಾನ್ಯವಾಗಿ ಕೆಲಸ ಮುಗಿದ 90 ದಿನಗಳೊಳಗೆ ಗುತ್ತಿಗೆದಾರ ತನ್ನ ಬಾಕಿಯನ್ನು ದಾಖಲೆಗೆ ಸೇರಿಸಿದರೆ ಅದು ಮನೆಗೇ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಅದಿಲ್ಲ. 1872ರ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ ದರ್ಜಿ ಕೂಲಿ ಬರುವ ತನಕ ಅಂಗಿಯನ್ನು ಕೊಡದೆ ಇಟ್ಟುಕೊಳ್ಳಬಹುದು. ಗೋಡೆ ಕಟ್ಟಿದವನಿಗೆ ಆ ಭಾಗ್ಯವಿಲ್ಲ. ಇದು ತಿಳಿಯದೆ ಮಹಡಿಯ ಬೀಗದ ಕೈ ಇಟ್ಟುಕೊಂಡಿದ್ದ ನಾನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕುಳಿತೆ. ನೀವು ಆ ಕೆಲಸ ಮಾಡಬೇಡಿ.

ಮೊದಲು ದಿನ ಎಣಿಸಿಕೊಳ್ಳಿ. ಕೆಲಸದ ಹಣಕ್ಕೆ ದಾವೆ ಹೂಡಲು ಕೆಲಸ ಮುಗಿದ ದಿನದಿಂದ ಮೂರು ವರ್ಷ ಮಾತ್ರ ಅವಕಾಶ. ಅಷ್ಟರೊಳಗೆ ಮಾಲೀಕರು ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಆ ದಿನದಿಂದ ಹೊಸ ಮೂರು ವರ್ಷ ಸಿಗುತ್ತದೆ. ನನ್ನ ಲೆಕ್ಕದ ಪುಸ್ತಕದಲ್ಲಿ, ಟೈಲ್ಸ್ ಲೆಕ್ಕದ ಕೆಳಗೆ ಅವರ ಸಹಿ ಇತ್ತು. ಕೊನೆಗೆ ನನ್ನ ಕೈ ಹಿಡಿದದ್ದು ಅದೇ.

ಆಮೇಲೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ. ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಾಯಿತ ವ್ಯವಹಾರವಿಲ್ಲ ಎಂದರ್ಥ. 15 ಬಂದರೆ ಒಂದೊಂದು ಸಾಲನ್ನೂ ಓದಿ. ಬ್ಯಾಂಕಿನ ಅಡಮಾನ ಮೊದಲೇ ಇದ್ದರೆ ಬ್ಯಾಂಕಿನದು ಮುಂದು, ನಮ್ಮದು ಹಿಂದು. ನೋಂದಾಯಿತ ಕ್ರಯದ ಕರಾರು ಇದ್ದರೂ ತೊಡಕೇ.

ಇನ್ನು ದಾವೆ. ಬರೀ ದಾವೆ ಹೂಡಿದರೆ ತೀರ್ಪು ಬರುವಷ್ಟರಲ್ಲಿ ಮನೆ ಕೈ ಬದಲಾಗಿರಬಹುದು. ಅದರ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38, ನಿಯಮ 5ರಡಿ ತೀರ್ಪಿಗೆ ಮುಂಚಿನ ಜಪ್ತಿ ಕೇಳಬೇಕು. ‘ಹಣ ಕೊಡಲಿಲ್ಲ’ ಎಂದಷ್ಟೇ ಹೇಳಿದರೆ ನ್ಯಾಯಾಧೀಶರು ಒಪ್ಪುವುದಿಲ್ಲ. ತೀರ್ಪಿನಿಂದ ತಪ್ಪಿಸಿಕೊಳ್ಳಲೆಂದೇ ಆಸ್ತಿ ಸಾಗಿಸುತ್ತಿದ್ದಾರೆ ಎಂದು ತೋರಿಸಬೇಕು. ಗೇಟಿಗೆ ನೇತುಹಾಕಿದ್ದ ‘ಮಾರಾಟಕ್ಕಿದೆ’ ಫಲಕದ ಚಿತ್ರವನ್ನೂ, ‘ಮಾರಿಕೊಂಡು ಹೋಗುತ್ತೇನೆ, ಏನು ಮಾಡುತ್ತೀಯೋ ಮಾಡು’ ಎಂದು ಅವರೇ ಕಳಿಸಿದ್ದ ವಾಟ್ಸ್ಆ್ಯಪ್ ಸಂದೇಶವನ್ನೂ ಕೊಟ್ಟೆ. ಭದ್ರತೆ ಒದಗಿಸಲು ನ್ಯಾಯಾಲಯ ಅವರಿಗೆ ಗಡುವು ಕೊಟ್ಟಿತು. ಒದಗಿಸಲಿಲ್ಲ, ಜಪ್ತಿ ಆದೇಶವಾಯಿತು.

ಸ್ಥಿರಾಸ್ತಿ ಜಪ್ತಿಯನ್ನು ತಮಟೆ ಬಾರಿಸಿ ಸಾರಬೇಕೆಂಬ ನಿಯಮ ಈಗಲೂ ಇದೆ. ನ್ಯಾಯಾಲಯದ ಅಮೀನರು ಬಂದರು, ತಮಟೆ ಸದ್ದಾಯಿತು, ಎದುರು ಮನೆಯವರು ಮಹಡಿಗೆ ಬಂದು ನಿಂತರು. ಪಾಲಿಶ್ ಸರಿಯಿಲ್ಲವೆಂದು ನಾನು ಎರಡು ಸಲ ಉಜ್ಜಿಸಿದ್ದ ಗ್ರಾನೈಟ್ ಕಂಬಕ್ಕೇ ಮೈದಾ ಅಂಟಿನಿಂದ ಆದೇಶದ ಪ್ರತಿ ಅಂಟಿಸಿದರು. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ದೃಢೀಕೃತ ಪ್ರತಿಯೊಂದನ್ನು ಉಪನೋಂದಣಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆದೆ. ಜಪ್ತಿಯಾದ ಮೇಲೆ ಮಾಲೀಕರು ಖಾಸಗಿಯಾಗಿ ಮಾರಿದರೂ ಆ ಮಾರಾಟ ನಮ್ಮ ಬಾಕಿಯ ಮಟ್ಟಿಗೆ ನಿಲ್ಲುವುದಿಲ್ಲ.

ಕೈಸಾಲಕ್ಕೂ ದಾರಿ ಹೆಚ್ಚುಕಡಿಮೆ ಇದೇ. ಮಂಡ್ಯದ ಹಳ್ಳಿಗಳಲ್ಲಿ ಒಂದು ತೊಡಕಿದೆ: ಬೇಸಾಯಗಾರ ತಾನು ವಾಸವಿರುವ ಮನೆಯನ್ನು ಇಂಥ ಸಾಲಕ್ಕೆ ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಬಿಡುವುದಿಲ್ಲ. ಅದು ನ್ಯಾಯವೇ, ನನ್ನ ಅಪ್ಪನೂ ಬೇಸಾಯಗಾರ. ಮೊದಲೇ ಅಡಮಾನ ಪತ್ರ ನೋಂದಾಯಿಸಿಕೊಳ್ಳಿ ಎಂದು ವಕೀಲರು ಹೇಳುತ್ತಾರೆ. ಗುತ್ತಿಗೆದಾರನಿಗೆ ಅದನ್ನು ಬರೆದುಕೊಟ್ಟ ಮಾಲೀಕರನ್ನು ನಾನಂತೂ ನೋಡಿಲ್ಲ.

ಕೊಳ್ಳಲು ಬಂದವರ ವಕೀಲರು ಕಂಬದ ಮೇಲಿನ ಕಾಗದ ಓದಿ ಮುಂಗಡ ವಾಪಸು ಕೇಳಿದರು. ಹತ್ತೇ ದಿನದಲ್ಲಿ ಮಾಲೀಕರು ಪೂರ್ತಿ ಬಾಕಿಯನ್ನು ನ್ಯಾಯಾಲಯದಲ್ಲಿ ಕಟ್ಟಿದರು. ಈಗ ನಾನು ಮೋಲ್ಡ್ ಹಾಕುವ ಹಿಂದಿನ ಸಂಜೆಯೇ ಆ ಹಂತದ ಹಣ ಕೇಳುತ್ತೇನೆ. ಬರದಿದ್ದರೆ ಮಿಕ್ಸರ್ ಯಂತ್ರ ಮಂಡ್ಯದಿಂದ ಹೊರಡುವುದಿಲ್ಲ.