ಕೀಲಿಗೊಂದು, ಥೈರಾಯ್ಡಿಗೊಂದು: ಮಾತ್ರೆ ಡಬ್ಬಿ ಜೋಡಿಸುವುದು ಹೇಗೆ?

ಸೋರಿಯಾಟಿಕ್ ಆರ್ಥ್ರೈಟಿಸ್ (ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಅಂಟಿಕೊಂಡ ಸಂಧಿವಾತ) ಜೊತೆಗೆ ಥೈರಾಯ್ಡ್ ಕೊರತೆಯೂ ಇರುವವರ ಮನೆಯಲ್ಲಿ ಒಂದು ದೃಶ್ಯ ಮಾಮೂಲು. ಥೈರಾಯ್ಡ್ ಕೊರತೆಗೆ ಥೈರಾಕ್ಸಿನ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್, ಮೂಳೆಗೆ ಕ್ಯಾಲ್ಸಿಯಂ, ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ, ಮೇಲೊಂದು ನೋವಿನ ಮಾತ್ರೆ. ಎಲ್ಲವನ್ನೂ ಅಂಗೈಗೆ ಹಾಕಿಕೊಂಡು ಬೆಳಗಿನ ಕಾಫಿಯ ಜೊತೆ ಗಂಟಲಿಗಿಳಿಸುವುದು. ಎರಡು ತಿಂಗಳ ನಂತರ ನೋಡಿದರೆ, ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ರಕ್ತದಲ್ಲಿ ಹೆಚ್ಚುವ ಟಿಎಸ್‌ಎಚ್ ಏರಿರುತ್ತದೆ. ಥೈರಾಕ್ಸಿನ್ 50 ಮೈಕ್ರೊಗ್ರಾಂ ಇದ್ದದ್ದು 75 ಆಗುತ್ತದೆ, ಆಮೇಲೆ 100. ತಪ್ಪು ಡೋಸ್‌ನದ್ದಲ್ಲ, ಅಂಗೈಯದು.

ಚರ್ಮದ ವೈದ್ಯರು ಒಂದು ಚೀಟಿ ಬರೆಯುತ್ತಾರೆ, ಕೀಲಿನ ವೈದ್ಯರು ಇನ್ನೊಂದು, ಥೈರಾಯ್ಡ್ ನೋಡುವವರು ಮತ್ತೊಂದು. ಮೂರೂ ಚೀಟಿ ಒಟ್ಟಿಗೆ ಸೇರುವುದು ರೋಗಿಯ ಹೊಟ್ಟೆಯಲ್ಲಿ ಮಾತ್ರ. ಆದ್ದರಿಂದ ವೇಳಾಪಟ್ಟಿ ಮಾಡುವ ಕೆಲಸವೂ ರೋಗಿಯದೇ.

ಮೊದಲು ಗಡಿಯಾರ

ಬೆಳಿಗ್ಗೆ 6ಕ್ಕೆ ಥೈರಾಕ್ಸಿನ್, ಒಂದು ಲೋಟ ಬರೀ ನೀರಿನಲ್ಲಿ. ಖಾಲಿ ಹೊಟ್ಟೆಯಲ್ಲಿ ನುಂಗಿದಾಗಲೂ ಮಾತ್ರೆಯ 70ರಿಂದ 80 ಶೇಕಡದಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಕಾಫಿ ಬಿದ್ದರೆ ಅದೂ ಇಳಿಯುತ್ತದೆ. ಹಾಗಾಗಿ ಕಾಫಿ, ಟೀ, ಹಾಲು ಯಾವುದಕ್ಕೂ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಅಂತರ ಬೇಕು. ಎದ್ದ ಕೂಡಲೇ ಕಾಫಿ ಬೇಕೇ ಬೇಕು ಎನ್ನುವವರು ಜಗಳವಾಡುವುದು ಬೇಡ. ರಾತ್ರಿ ಊಟ ಮುಗಿದು 3 ಗಂಟೆಯಾದ ಮೇಲೆ ಮಲಗುವಾಗ ತೆಗೆದುಕೊಂಡರೂ ನಡೆಯುತ್ತದೆ, ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ. ಬೆಳಿಗ್ಗೆಯೋ ರಾತ್ರಿಯೋ, ಯಾವುದಾದರೂ ಒಂದೇ ಇರಲಿ.

ಕ್ಯಾಲ್ಸಿಯಂ ಮತ್ತು ಕಬ್ಬಿಣ ಹೊಟ್ಟೆಯಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ಹೀರಿಕೊಳ್ಳಲು ಬಿಡುವುದಿಲ್ಲ. 4 ಗಂಟೆ ದೂರವಿರಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಮಧ್ಯಾಹ್ನದ ಊಟದ ಜೊತೆಗೆ, ಕಬ್ಬಿಣ ಸಂಜೆ. ಇವೆರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳ ಕಥೆ ಸ್ವಲ್ಪ ಬೇರೆ, ಇಲ್ಲೇ ಹೆಚ್ಚಿನವರು ಎಡವುವುದು. ನೋವಿನ ಮಾತ್ರೆ ಹೊಟ್ಟೆ ಸುಡುತ್ತದೆಂದು ಇವನ್ನು ಕೊಡುತ್ತಾರೆ. ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು, ಅಂದರೆ 6ಕ್ಕೆ ಥೈರಾಕ್ಸಿನ್, 7ಕ್ಕೆ ಪ್ಯಾಂಟೊಪ್ರಜೋಲ್, ಏಳೂವರೆಗೆ ತಿಂಡಿ. ಆದರೆ ಇಲ್ಲಿ ಅಂತರವೊಂದರಿಂದಲೇ ಸಮಸ್ಯೆ ತೀರದು. ಥೈರಾಕ್ಸಿನ್ ಮಾತ್ರೆ ಕರಗಲು ಹೊಟ್ಟೆಯ ಆಮ್ಲ ಬೇಕು. ಇವು ಇಡೀ ದಿನ ಆಮ್ಲವನ್ನೇ ತಗ್ಗಿಸುತ್ತವೆ. ಹೀಗಾಗಿ ಇವನ್ನು ದಿನವೂ ತೆಗೆದುಕೊಳ್ಳಲು ಶುರುಮಾಡಿದ ಅಥವಾ ಬಿಟ್ಟ 6ರಿಂದ 8 ವಾರಕ್ಕೆ ಟಿಎಸ್‌ಎಚ್ ನೋಡಿಸಿ. ನೋವಿನ ಮಾತ್ರೆ ನಿಂತು ಆರು ತಿಂಗಳಾದರೂ ಗ್ಯಾಸ್ಟ್ರಿಕ್ ಮಾತ್ರೆ ಮಾತ್ರ ಅಭ್ಯಾಸಕ್ಕೆ ನಡೆದೇ ಇರುವುದು ಎಷ್ಟೋ ಮನೆಗಳಲ್ಲಿ ಉಂಟು. ಅದು ಇನ್ನೂ ಬೇಕೇ ಎಂದು ಕೇಳಿ.

ಒಂದು ದಿನ ಥೈರಾಕ್ಸಿನ್ ಮರೆತರೆ ಗಾಬರಿ ಬೇಡ. ಅದು ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ನೆನಪಾದಾಗ ಅದೇ ದಿನ ತೆಗೆದುಕೊಳ್ಳಿ. ಡೋಸ್ ಬದಲಾದ ಹದಿನೈದೇ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿದರೆ ಅರ್ಧ ದಾರಿಯ ಉತ್ತರವಷ್ಟೇ ಸಿಗುವುದೂ ಇದೇ ಕಾರಣಕ್ಕೆ. ಬಾಟಲಿಯನ್ನು ಒಲೆ ಪಕ್ಕದ ಗೂಡಿನಲ್ಲಿ, ಬಚ್ಚಲುಮನೆಯಲ್ಲಿ ಇಡಬೇಡಿ. ಶಾಖಕ್ಕೂ ತೇವಕ್ಕೂ ಮಾತ್ರೆ ಸತ್ವ ಕಳೆದುಕೊಳ್ಳುತ್ತದೆ. ಕಂಪನಿ ಬದಲಾದರೆ 6 ವಾರದ ನಂತರ ಮತ್ತೊಮ್ಮೆ ಟಿಎಸ್‌ಎಚ್.

ವಾರಕ್ಕೊಮ್ಮೆಯ ಮಾತ್ರೆ

ಕೀಲಿನ ಉರಿಯೂತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಈ ಡಬ್ಬಿಯಲ್ಲಿರುವ ಅತಿ ಅಪಾಯದ ಮಾತ್ರೆ. ಔಷಧ ಕೆಟ್ಟದ್ದೇನಲ್ಲ, ದಶಕಗಳಿಂದ ಕೀಲುಗಳನ್ನು ಉಳಿಸಿದೆ. ಅಪಾಯವಿರುವುದು ಲೆಕ್ಕದಲ್ಲಿ. ಡೋಸ್ ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ, ವಾರಕ್ಕೆ ಒಮ್ಮೆ. ಅದನ್ನೇ ದಿನವೂ ನುಂಗಿದರೆ ಕೆಲವೇ ದಿನಗಳಲ್ಲಿ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಜೀವಕ್ಕೇ ಬರಬಹುದು. ಜೊತೆಗೆ ಕೊಡುವ ಫೋಲಿಕ್ ಆ್ಯಸಿಡ್ 5 ಮಿಲಿಗ್ರಾಂ ಕೂಡ ಸಣ್ಣ ಹಳದಿ ಮಾತ್ರೆ. ಮೆಥೋಟ್ರೆಕ್ಸೇಟ್ ಕೂಡ ಹಲವು ಸಲ ಸಣ್ಣ ಹಳದಿ ಮಾತ್ರೆಯೇ. ಕನ್ನಡಕ ಹಾಕದೆ ಕತ್ತಲಲ್ಲಿ ತಡಕಿದರೆ ಎರಡೂ ಒಂದೇ.

ಹೀಗೆ ಮಾಡಿ. ವಾರದ ಒಂದು ದಿನವನ್ನು ಆರಿಸಿ, ಉದಾಹರಣೆಗೆ ಭಾನುವಾರ ರಾತ್ರಿ ಊಟದ ನಂತರ. ಸ್ಟ್ರಿಪ್‌ನ ಮೇಲೆ ದಪ್ಪ ಪೆನ್ನಿನಲ್ಲಿ ‘ಭಾನುವಾರ ಮಾತ್ರ’ ಎಂದು ಬರೆಯಿರಿ. ಅದನ್ನು ದಿನದ ಮಾತ್ರೆಗಳ ಡಬ್ಬಿಗೆ ಹಾಕದೆ ಬೇರೆ ಡಬ್ಬಿಯಲ್ಲಿಡಿ. ಫೋಲಿಕ್ ಆ್ಯಸಿಡ್ ಬೇರೆ ದಿನ, ವೈದ್ಯರು ಬರೆದಂತೆ. ಮಾತ್ರೆ ಅಂಗಡಿಯಲ್ಲಿ 2.5ರ ಬದಲು 10ರ ಮಾತ್ರೆ ಕೊಟ್ಟರೆ ‘ನಾಲ್ಕು ಮಾತ್ರೆ’ ಎಂಬ ಹಳೆಯ ಲೆಕ್ಕ 40 ಮಿಲಿಗ್ರಾಂ ಆಗಿಬಿಡುತ್ತದೆ. ಆದ್ದರಿಂದ ಮಾತ್ರೆಗಳ ಸಂಖ್ಯೆಯಲ್ಲ, ಮಿಲಿಗ್ರಾಂ ನೆನಪಿಡಿ. ಮರೆತದ್ದು ಎರಡು ದಿನದೊಳಗೆ ನೆನಪಾದರೆ ತೆಗೆದುಕೊಳ್ಳಬಹುದು. ಅದಕ್ಕಿಂತ ತಡವಾದರೆ ಆ ವಾರ ಬಿಟ್ಟು ಮುಂದಿನ ಭಾನುವಾರಕ್ಕೆ ಎಂದಿನ ಡೋಸ್ ಅಷ್ಟೇ, ಎರಡರಷ್ಟಲ್ಲ.

ಸೋಮವಾರ ಇಡೀ ದಿನ ವಾಕರಿಕೆ ಕಾಡಿದರೆ ಹೇಳದೆ ನಿಲ್ಲಿಸಬೇಡಿ. ಫೋಲಿಕ್ ಆ್ಯಸಿಡ್ ಹೆಚ್ಚಿಸುವುದು, ಮಾತ್ರೆಯ ಬದಲು ಚರ್ಮದಡಿಯ ಇಂಜೆಕ್ಷನ್ ಕೊಡುವುದು ಇವೆಲ್ಲ ವೈದ್ಯರ ಕೈಯಲ್ಲಿರುವ ದಾರಿಗಳು. ರಕ್ತಕಣ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ಆರಂಭದಲ್ಲಿ 2ರಿಂದ 4 ವಾರಕ್ಕೊಮ್ಮೆ, ಆಮೇಲೆ 8ರಿಂದ 12 ವಾರಕ್ಕೊಮ್ಮೆ. ಮದ್ಯ ಬಿಡುವುದೇ ಸರಿ. ಜ್ವರ ಬಂದು ಮಲಗಿದ ವಾರ ಡೋಸ್ ತಡೆದು ವೈದ್ಯರಿಗೆ ಫೋನ್ ಮಾಡಿ. ಒಣಕೆಮ್ಮು, ಏದುಸಿರು ಹೊಸದಾಗಿ ಶುರುವಾದರೆ ಕಾಯಬೇಡಿ.

ಈ ಸುಸ್ತು ಯಾರದು?

ಎರಡೂ ಕಾಯಿಲೆ ಸುಸ್ತು ಮಾಡಿಸುತ್ತವೆ, ಮೈಕೈ ನೋಯಿಸುತ್ತವೆ, ಬೆಳಿಗ್ಗೆ ಮೈ ಮರಗಟ್ಟಿಸುತ್ತವೆ. ಮನೆಯವರು ಎಲ್ಲಕ್ಕೂ ‘ವಾತ’ ಎಂದು ಹೆಸರಿಟ್ಟರೆ, ಕೆಲವು ವೈದ್ಯರು ಎಲ್ಲಕ್ಕೂ ‘ಥೈರಾಯ್ಡ್’ ಎನ್ನುತ್ತಾರೆ. ಬಿಡಿಸಿ ನೋಡಲು ಕೆಲವು ಗುರುತುಗಳಿವೆ.

ಬಿಗಿತ ಅರ್ಧ ಗಂಟೆಗಿಂತ ಹೆಚ್ಚಿದ್ದು, ಕುಳಿತಷ್ಟೂ ಬಿಗಿದು ಓಡಾಡಿದಂತೆ ಸಡಿಲವಾದರೆ ಅದು ಕೀಲಿನ ಉರಿಯೂತ. ಹಾಸಿಗೆಯಿಂದಿಳಿದು ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚುವುದು, ಒಂದೇ ಬೆರಳು ಬುಡದಿಂದ ತುದಿವರೆಗೆ ಬಾಳೆಕಾಯಿಯಂತೆ ಊದುವುದು, ಉಗುರಿನ ಹತ್ತಿರದ ಕೊನೆಯ ಗೆಣ್ಣು ನೋಯುವುದು ಸೋರಿಯಾಟಿಕ್ ಆರ್ಥ್ರೈಟಿಸ್‌ನ ಸಹಿ. ದನಿ ಗೊಗ್ಗರಾಗಿ, ಮುಖ ಬೆಳಿಗ್ಗೆ ಊದಿ, ಮಲಬದ್ಧತೆ, ಎಲ್ಲರೂ ಫ್ಯಾನ್ ಕೇಳುವಾಗ ತಮಗೆ ಶಾಲು, ಮುಟ್ಟಿನ ಸ್ರಾವ ಹೆಚ್ಚು – ಇವಿದ್ದರೆ ಥೈರಾಯ್ಡ್ ಕಡೆ ನೋಡಿ. ರಾತ್ರಿ ಹೆಬ್ಬೆರಳು, ತೋರು, ಮಧ್ಯದ ಬೆರಳು ಜುಮುಗುಟ್ಟಿ ಎಚ್ಚರವಾಗುವುದಕ್ಕೆ ಎರಡೂ ಕಾರಣವಾಗಬಲ್ಲವು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುತ್ತದೆ. ಇವೆರಡೂ ಹತೋಟಿಯಲ್ಲಿದ್ದು ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ನಿದ್ದೆಯಲ್ಲಿ ಗೊರಕೆ ನೋಡಬೇಕು.

ಎರಡು ವಾರ ಒಂದು ನೋಟ್‌ಬುಕ್ ಇಡಿ. ಎದ್ದ ಹೊತ್ತು, ಬಿಗಿತ ಬಿಟ್ಟ ಹೊತ್ತು, ಮುಷ್ಟಿ ಕಟ್ಟಿದಾಗ ಯಾವ ಬೆರಳಿನ ತುದಿ ಅಂಗೈ ಮುಟ್ಟಲಿಲ್ಲ, ಸುಸ್ತಿಗೆ ಹತ್ತಕ್ಕೆ ಎಷ್ಟು ಅಂಕ. ಅಷ್ಟೇ. ಊದಿದ ಬೆರಳಿನ ಫೋಟೋವನ್ನು ಬೆಳಿಗ್ಗೆಯೇ ತೆಗೆಯಿರಿ. 11 ಗಂಟೆಗೆ ವೈದ್ಯರ ಮುಂದೆ ಕುಳಿತಾಗ ಬೆರಳು ಸಾಧುವಾಗಿಬಿಟ್ಟಿರುತ್ತದೆ.

ರಕ್ತ ಪರೀಕ್ಷೆ ನಂಬಿ ಮೋಸ ಹೋಗುವುದೂ ಉಂಟು. ಸೋರಿಯಾಟಿಕ್ ಆರ್ಥ್ರೈಟಿಸ್‌ನಲ್ಲಿ ರುಮಟಾಯ್ಡ್ ಫ್ಯಾಕ್ಟರ್ (ಇನ್ನೊಂದು ಬಗೆಯ ಸಂಧಿವಾತದ ಗುರುತು) ಬಹುತೇಕ ನೆಗೆಟಿವ್. ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ಸರಿ ಇದ್ದರೂ ಕೀಲು ಒಳಗೆ ಸವೆಯುತ್ತಿರಬಹುದು. ಯೂರಿಕ್ ಆ್ಯಸಿಡ್ ಸ್ವಲ್ಪ ಏರಿರುವುದನ್ನೇ ನೋಡಿ ಗೌಟ್ ಎಂದು ವರ್ಷಗಟ್ಟಲೆ ಮಾತ್ರೆ ಕೊಟ್ಟ ಉದಾಹರಣೆಗಳಿವೆ. ಸೂಜಿಯಲ್ಲಿ ಚುಚ್ಚಿದಂಥ ಕುಳಿಗಳಿರುವ ಉಗುರು, ಕಿವಿಯ ಹಿಂದೆ, ಹೊಕ್ಕುಳಲ್ಲಿ, ತಲೆಯಲ್ಲಿ ಹುರುಪೆ ಇದ್ದರೆ ನಾಚದೆ ತೋರಿಸಿ. ನೋಡಬೇಕಾದವರು ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞರು.

ಉಗುರಿನ ಮಾತು ಬಂದಾಗ ಇನ್ನೊಂದು ಬಲೆ. ಉಗುರು, ಕೂದಲಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ ಹಲವು ಪ್ರಯೋಗಾಲಯಗಳ ಯಂತ್ರಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಥೈರಾಕ್ಸಿನ್ ಜಾಸ್ತಿಯಾಗಿದೆ ಎಂದು ಡೋಸ್ ಇಳಿಸಿದರೆ ಸುಸ್ತು ಇಮ್ಮಡಿ. ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಬಯೋಟಿನ್ ನಿಲ್ಲಿಸಿ. ಪ್ರತಿ ಸಲವೂ ಬೆಳಿಗ್ಗೆ ಅದೇ ಹೊತ್ತಿಗೆ, ಆ ದಿನದ ಥೈರಾಕ್ಸಿನ್ ನುಂಗುವ ಮೊದಲು, ಅದೇ ಲ್ಯಾಬ್‌ನಲ್ಲಿ ರಕ್ತ ಕೊಡಿ.

ಮನೆಯೊಳಗೆ

ಹಾಸಿಗೆ ಬಿಡುವ ಮೊದಲು ಟವೆಲನ್ನು ಪಾದದ ಮುಂಭಾಗಕ್ಕೆ ಸುತ್ತಿ ತಮ್ಮ ಕಡೆ ಎಳೆದು 30 ಸೆಕೆಂಡ್ ಹಿಡಿಯಿರಿ, ಮೂರು ಸಲ. ಹಿಮ್ಮಡಿಯ ಸ್ನಾಯುರಜ್ಜು ಸಡಿಲವಾಗುತ್ತದೆ. ಗ್ರಾನೈಟ್ ನೆಲದ ಮೇಲೆ ಬರಿಗಾಲು ಬೇಡ, ಮನೆಯೊಳಗೂ ಮೆತ್ತನೆಯ ಹಿಮ್ಮಡಿಯ ಚಪ್ಪಲಿ ಇರಲಿ. ಹಿಮ್ಮಡಿಯ ಹಿಂಭಾಗದ ರಜ್ಜುವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಲು ಅವಸರಿಸಬೇಡಿ, ರಜ್ಜು ಹರಿಯುವ ಭಯವಿದೆ.

ಬೆರಳಿನ ಶತ್ರುಗಳು ಅಡುಗೆಮನೆಯಲ್ಲಿವೆ: ಚಪಾತಿ ಹಿಟ್ಟು ನಾದುವುದು, ತೆಂಗಿನಕಾಯಿ ತುರಿಯುವುದು, ಒದ್ದೆ ಬಟ್ಟೆ ಹಿಂಡುವುದು. ಸೌಟಿನ ಹಿಡಿಗೆ ಹಳೆ ಬಟ್ಟೆ ಸುತ್ತಿ ದಪ್ಪ ಮಾಡಿ. ಪಾತ್ರೆಯನ್ನು ಬೆರಳಲ್ಲಿ ಎತ್ತದೆ ಎರಡೂ ಅಂಗೈಯಲ್ಲಿ ಎತ್ತಿ. ವ್ಯಾಯಾಮಕ್ಕೆ ಒಂದು ಅಳತೆಗೋಲು ಸಾಕು: ಮುಗಿಸಿ 2 ಗಂಟೆಯಾದರೂ ನೋವು ಮೊದಲಿಗಿಂತ ಹೆಚ್ಚಿದ್ದರೆ ನಾಳೆ ಕಡಿಮೆ ಮಾಡಿ. ಪೂರ್ತಿ ಬಿಟ್ಟರೆ ಕೀಲು ಇನ್ನೂ ಬಿಗಿಯುತ್ತದೆ.

ಚರ್ಮವನ್ನು ಸೋರಿಯಾಸಿಸ್ ಒಂದು ಕಡೆ, ಥೈರಾಯ್ಡ್ ಕೊರತೆ ಇನ್ನೊಂದು ಕಡೆ ಒಣಗಿಸುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ, ಮೈ ಒತ್ತಿ ಒರೆಸಿ ಮೂರು ನಿಮಿಷದೊಳಗೆ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ. ಹುರುಪೆ ಕೆರೆದು ತೆಗೆಯಬೇಡಿ. ಗಾಯವಾದ ಜಾಗದಲ್ಲೇ ಹೊಸ ಮಚ್ಚೆ ಏಳುವುದು ಈ ಕಾಯಿಲೆಯ ಗುಣ.

ಊಟದ ಬಗ್ಗೆ ಭಯ ಜಾಸ್ತಿ, ಕಾರಣ ಕಡಿಮೆ. ಥೈರಾಕ್ಸಿನ್ ತೆಗೆದುಕೊಳ್ಳುವವರು ಬೇಯಿಸಿದ ಎಲೆಕೋಸು, ಹೂಕೋಸು ತಿನ್ನಬಹುದು. ಅಯೋಡಿನ್ ಉಪ್ಪು ಬಿಡಬೇಕಿಲ್ಲ. ತೂಕ ಮಾತ್ರ ನಿಜವಾದ ವಿಷಯ: ಹೆಚ್ಚಿದ್ದರೆ 5ರಿಂದ 10 ಶೇಕಡ ಇಳಿಸಿದಾಗ ಕೀಲಿನ ಔಷಧಗಳು ಚೆನ್ನಾಗಿ ಕೆಲಸ ಮಾಡುತ್ತವೆ. ವಾತಕ್ಕೆಂದು ಕೊಡುವ, ಲೇಬಲ್ ಇಲ್ಲದ ಪುಡಿಗಳಿಂದ ದೂರವಿರಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪರೀಕ್ಷೆಯಲ್ಲಿ ಸಿಕ್ಕಿದ್ದಿದೆ. ತಿಂದಷ್ಟು ದಿನ ಹಾಯೆನಿಸಿ, ನಿಲ್ಲಿಸಿದ ಕೂಡಲೇ ಸೋರಿಯಾಸಿಸ್ ಕೀವುಗುಳ್ಳೆಯಾಗಿ ಮೈತುಂಬ ಉಕ್ಕಬಹುದು. ಅಶ್ವಗಂಧ ಕೂಡ ಥೈರಾಯ್ಡ್ ಮಟ್ಟವನ್ನು ಏರಿಸಬಲ್ಲದು. ತೆಗೆದುಕೊಳ್ಳುತ್ತಿದ್ದರೆ ಬಚ್ಚಿಡಬೇಡಿ.

ಇಂಜೆಕ್ಷನ್‌ಗೆ ಬಂದಾಗ

ಅಡಾಲಿಮುಮ್ಯಾಬ್, ಸೆಕುಕಿನುಮ್ಯಾಬ್‌ನಂಥ ಬಯಾಲಾಜಿಕ್ (ಉರಿಯೂತದ ಸಂಕೇತವನ್ನೇ ತಡೆಯುವ ಇಂಜೆಕ್ಷನ್) ಶುರುಮಾಡುವ ಮೊದಲು ಎದೆಯ ಎಕ್ಸ್‌ರೇ, ಅಡಗಿರುವ ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಲೇಬೇಕು. ನಮ್ಮ ದೇಶದಲ್ಲಿ ಕ್ಷಯದ ಪರೀಕ್ಷೆ ಬಿಟ್ಟು ಮುಂದುವರಿಯುವಂತಿಲ್ಲ. ಔಷಧ ತುಂಬಿದ ಇಂಜೆಕ್ಷನ್ ಪೆನ್ನುಗಳನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಾಗಿಲಿನ ಕಪಾಟು ಬೇಡ, ಹಿಂಬದಿಯ ಗೋಡೆಗೂ ತಾಗಬಾರದು, ಅಲ್ಲಿ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಊರಿಗೆ ಹೋಗುವಾಗ ಐಸ್ ಪ್ಯಾಕ್ ಮತ್ತು ಪೆನ್ನಿನ ನಡುವೆ ಒಂದು ಟವೆಲ್ ಇರಲಿ. ಹಾಕಿಕೊಳ್ಳುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಟ್ಟರೆ ಉರಿ ಕಡಿಮೆ. ಹೊಕ್ಕುಳಿಂದ ಎರಡಿಂಚು ಬಿಟ್ಟು ಹೊಟ್ಟೆ ಅಥವಾ ತೊಡೆ. ಹುರುಪೆಯ ಮೇಲೆ ಚುಚ್ಚಬಾರದು. ಜೀವಂತ ಲಸಿಕೆಗಳು ನಿಷಿದ್ಧ. ಫ್ಲೂ, ನ್ಯುಮೋಕಾಕಲ್ ಲಸಿಕೆ ಸಾಧ್ಯವಾದರೆ ಮೊದಲೇ ಮುಗಿಸಿ.

ಮಗುವಿನ ಯೋಚನೆಯಿದ್ದರೆ ಹೆಣ್ಣುಮಕ್ಕಳು ಮೆಥೋಟ್ರೆಕ್ಸೇಟ್ ಅನ್ನು ಕನಿಷ್ಠ 3 ತಿಂಗಳು ಮೊದಲೇ ನಿಲ್ಲಿಸಿರಬೇಕು, ಪರ್ಯಾಯವನ್ನು ವೈದ್ಯರು ಸೂಚಿಸುತ್ತಾರೆ. ಥೈರಾಕ್ಸಿನ್ ಇದಕ್ಕೆ ತದ್ವಿರುದ್ಧ: ನಿಲ್ಲಿಸಲೇಬಾರದು. ಗರ್ಭ ನಿಂತ ಕೂಡಲೇ ಅದರ ಅಗತ್ಯ ಕಾಲುಭಾಗದಷ್ಟು ಹೆಚ್ಚುತ್ತದೆ. ಸ್ಕ್ಯಾನಿಂಗ್ ದಿನದವರೆಗೆ ಕಾಯದೆ, ಮನೆಯ ಪರೀಕ್ಷೆಯಲ್ಲಿ ಎರಡು ಗೆರೆ ಕಂಡ ದಿನವೇ ಫೋನ್ ಮಾಡಿ.

ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ಚುಚ್ಚಿದರೆ ಅಂಗಡಿಯ ಹನಿ ಹಾಕಿಕೊಂಡು ಕೂರಬೇಡಿ. ಈ ಸಂಧಿವಾತ ಕಣ್ಣಿನೊಳಗೂ ಉರಿಯೂತ ತರುತ್ತದೆ. ಥೈರಾಕ್ಸಿನ್ ಡೋಸ್ ಏರಿಸಿದ ಮೇಲೆ ಎದೆ ಬಿಗಿತ, ಡವಡವ ಶುರುವಾದರೂ ಹಾಗೆಯೇ, ಅಂದೇ ಹೋಗಿ.

ಕೊನೆಗೆ ಒಂದು ಕಾಗದ. ಒಂದೇ ಹಾಳೆಯಲ್ಲಿ ಎಲ್ಲ ಔಷಧದ ಹೆಸರು, ಮಿಲಿಗ್ರಾಂ ಅಥವಾ ಮೈಕ್ರೊಗ್ರಾಂ, ಹೊತ್ತು, ವಾರದ ಯಾವ ದಿನ, ಕೊನೆಯ ಟಿಎಸ್‌ಎಚ್ ಮತ್ತು ಅದರ ದಿನಾಂಕ ಬರೆದು ಫೋಟೋ ತೆಗೆದು ಫೋನಿನಲ್ಲೂ ಇಡಿ. ಮೂತ್ರದ ಸೋಂಕಿಗೆಂದು ಪಕ್ಕದ ಕ್ಲಿನಿಕ್‌ಗೆ ಹೋದಾಗ ಇದೇ ಮೊದಲು ಮೇಜಿನ ಮೇಲೆ ಬರಲಿ. ಅಲ್ಲಿ ಸಲೀಸಾಗಿ ಬರೆಯುವ ಕೋಟ್ರೈಮಾಕ್ಸಜೋಲ್ ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತಕಣ ತಯಾರಿಸುವ ಮೂಳೆಮಜ್ಜೆಯನ್ನೇ ಒಣಗಿಸಬಲ್ಲದು. ಹಾಳೆ ಕಂಡ ವೈದ್ಯರು ಬೇರೆ ಆ್ಯಂಟಿಬಯಾಟಿಕ್ ಬರೆಯುತ್ತಾರೆ.