ಜಾಮೀನು ಸಿಕ್ಕಿಯೂ ಜೈಲಿನಲ್ಲೇ ಉಳಿದವರಿಗೆ ನೆರವಾಗುವುದು ಹೇಗೆ: ಕರಾವಳಿಯ ಸಂಘ-ಸಂಸ್ಥೆಗಳಿಗೆ

ಹಬ್ಬಕ್ಕೆ ಸಿಹಿ, ಹಣ್ಣುಹಂಪಲು, ಒಂದು ಯೋಗ ಶಿಬಿರ: ಜೈಲಿನವರಿಗೆ ಏನಾದರೂ ಮಾಡೋಣ ಎಂದು ಹೊರಟ ಯುವಕ ಮಂಡಲಕ್ಕಾಗಲಿ, ಚರ್ಚಿನ ಸಂಘಕ್ಕಾಗಲಿ, ಜಮಾಅತಿಗಾಗಲಿ ಮೊದಲು ಹೊಳೆಯುವುದು ಇವೇ. ಇವು ಬೇಡವೆಂದಲ್ಲ. ಆದರೆ ಮಂಗಳೂರಿನ ಕೊಡಿಯಾಲಬೈಲಿನಲ್ಲೋ ಉಡುಪಿಯ ಹಿರಿಯಡ್ಕದಲ್ಲೋ ಇರುವ ಬಡ ವಿಚಾರಣಾಧೀನ ಕೈದಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕೋರ್ಟು ಜಾಮೀನು ಕೊಟ್ಟಿರುತ್ತದೆ, ಶ್ಯೂರಿಟಿ ನಿಲ್ಲಲು, ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆಂದು ಹೊಣೆ ಹೊರಲು, ಮಾತ್ರ ಜನ ಇರುವುದಿಲ್ಲ. ಸ್ವಯಂಸೇವಕರು ನಿಜವಾಗಿ ಬೇಕಾಗಿರುವುದು ಈ ಜಾಗದಲ್ಲಿ.

ಮೊದಲು ಬಾಗಿಲು ಯಾವುದೆಂದು ತಿಳಿದಿರಲಿ. ಸಂಘದ ಲೆಟರ್‌ಹೆಡ್ ಹಿಡಿದು ನೇರ ಜೈಲಿಗೆ ಹೋದರೆ ಗೇಟಿನಿಂದಲೇ ವಾಪಸು ಬರಬೇಕಾದೀತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯನ್ನು ಕಂಡು, ನಿಮ್ಮಲ್ಲಿ ಇಬ್ಬರು ಮೂವರು ಅರೆಕಾನೂನು ಸ್ವಯಂಸೇವಕರಾಗಿ (ಪ್ರಾಧಿಕಾರದ ಪರವಾಗಿ ಜನರಿಗೆ ಕಾನೂನು ನೆರವು ಮುಟ್ಟಿಸುವವರಾಗಿ) ಅರ್ಜಿ ಹಾಕಿ, ತರಬೇತಿ ಮುಗಿಸಿ ಗುರುತಿನ ಚೀಟಿ ಪಡೆಯಿರಿ. ಕಸ್ಟಡಿಯಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೆಂದು ನೋಡದೆ, ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿದೆ. ಮನೆಯವರು ಮೊದಲು ನಿಮ್ಮ ಹತ್ತಿರವೇ ಬಂದರೆ 15100 ಸಹಾಯವಾಣಿ ತೋರಿಸಿಕೊಡಿ.

ಕೈದಿಯನ್ನು ಕಂಡಾಗ ಅಪರಾಧದ ಕಥೆ ಕೇಳಬೇಡಿ, ಅದು ವಕೀಲರ ಕೆಲಸ. ನೀವು ಬರೆದುಕೊಳ್ಳಬೇಕಾದದ್ದು: ಕೇಸಿನ ಕಾಗದದಲ್ಲಿ ಇರುವ ಹಾಗೆಯೇ ಹೆಸರು, ಠಾಣೆ ಮತ್ತು ಅಪರಾಧ ಸಂಖ್ಯೆ, ಯಾವ ಕೋರ್ಟು, ಜಾಮೀನು ಆದೇಶದ ತಾರೀಕು, ಬಾಂಡಿನ (ಮುಚ್ಚಳಿಕೆಯ) ಮೊತ್ತ, ಎಷ್ಟು ಜನ ಜಾಮೀನುದಾರರು (ಶ್ಯೂರಿಟಿ ನಿಲ್ಲುವವರು), ಮನೆಯವರ ಫೋನ್ ನಂಬರ್. ಫೋನ್ ಠಾಣೆಯಲ್ಲಿ ಜಪ್ತಿಯಾಗಿ, ಒಂದು ನಂಬರೂ ನೆನಪಿಲ್ಲದವರು ಬಹಳ. ಊರು, ಗ್ರಾಮ ಪಂಚಾಯತಿ, ಕೆಲಸ ಕೊಟ್ಟ ಮೇಸ್ತ್ರಿಯ ಹೆಸರು ಸಿಕ್ಕಿದರೂ ಸಾಕು, ಅಲ್ಲಿಂದ ಮನೆಯವರನ್ನು ಹುಡುಕಬಹುದು. ಒಡಿಯಾ, ಬಂಗಾಳಿ, ಹಿಂದಿ ಬಲ್ಲ ಒಬ್ಬರು ತಂಡದಲ್ಲಿ ಇರಲೇಬೇಕು. ಮಲ್ಪೆಯ ಬೋಟುಗಳಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯುವ ಹೊರ ರಾಜ್ಯದವರಿಗೆ ತಮಗೆ ಜಾಮೀನು ಆಗಿದೆ ಎಂಬುದೇ ಗೊತ್ತಿಲ್ಲದೆ ಇರಬಹುದು.

ಒಂದು ಪ್ರಶ್ನೆಯನ್ನು ಮಾತ್ರ ಮರೆಯಬಾರದು: ಬೇರೆ ಕೇಸಾಗಲಿ ವಾರಂಟಾಗಲಿ ಇದೆಯೇ? ಜೈಲಿನ ಕಚೇರಿಯಲ್ಲೂ ಇದನ್ನು ಖಚಿತಪಡಿಸಿಕೊಳ್ಳಿ. ಈ ಕೇಸಿಗೆ ಓಡಾಡಿ ಶ್ಯೂರಿಟಿ ಕೊಟ್ಟು ಗೇಟಿನ ಹತ್ತಿರ ಕಾಯುವಾಗ, ಇನ್ನೊಂದು ಠಾಣೆಯ ಬಾಡಿ ವಾರಂಟ್ (ಜೈಲಿನಲ್ಲಿರುವವರನ್ನು ಬೇರೆ ಕೇಸಿಗೆ ಹಾಜರುಪಡಿಸಲು ಕೋರ್ಟಿನ ಆದೇಶ) ಇದೆ ಎಂದು ತಿಳಿದರೆ ಅಷ್ಟೂ ಶ್ರಮ ನೀರಿನಲ್ಲಿ ಹೋಮ.

ಇನ್ನು ದಿನ ಎಣಿಸುವ ಕೆಲಸ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನದಂತೆ, ಜಾಮೀನು ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಜೈಲಿಗೆ ತಲುಪಬೇಕು. 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ತಾನಾಗಿಯೇ ಪರಿಶೀಲಿಸಬಹುದು. ನಿಮ್ಮ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಆದೇಶದ ತಾರೀಕು, 7ನೇ ದಿನ, 30ನೇ ದಿನ ಎಂದು ಮೂರು ಕಾಲಂ ಹಾಕಿ. 8ನೇ ದಿನ ಕಾರ್ಯದರ್ಶಿಯವರ ಮೇಜಿಗೆ ಲಿಖಿತ ಪಟ್ಟಿ ಹೋಗಲಿ. ಬಾಯಿಮಾತಿಗೆ ಯಾರೂ ಹೊಣೆಯಲ್ಲ.

ಶ್ಯೂರಿಟಿ ಹೊಂದಿಸುವುದೇ ಎಲ್ಲಕ್ಕಿಂತ ಕಷ್ಟ. ಜಾಮೀನುದಾರರು ಆಧಾರ್, ಫೋಟೊ, ಹೊಸದಾಗಿ ತೆಗೆಸಿದ ಆರ್‌ಟಿಸಿ (ಜಮೀನಿನ ಪಹಣಿ) ಅಥವಾ ಮನೆತೆರಿಗೆ ರಶೀದಿಯೊಂದಿಗೆ ಖುದ್ದಾಗಿ ಕೋರ್ಟಿಗೆ ಬರಬೇಕು. ನಮ್ಮ ಕಡೆ ಕೆಲಸ ಕೆಡುವುದು ಆರ್‌ಟಿಸಿಯಲ್ಲಿ: ಇನ್ನೂ ತೀರಿಹೋದ ಅಜ್ಜನ ಹೆಸರೇ ಇರುತ್ತದೆ, ಅಥವಾ ಕುಟುಂಬದ ಹತ್ತಾರು ಜನರ ಜಂಟಿ ಹೆಸರು. ಅಂಥ ಕಾಗದವನ್ನು ಕೋರ್ಟಿಗೆ ಒಯ್ಯುವ ಮೊದಲೇ ವಕೀಲರಿಗೆ ತೋರಿಸಿ. ಆರೋಪಿ ತಲೆಮರೆಸಿಕೊಂಡರೆ ಬಾಂಡಿನ ಹಣ ಅವರಿಂದಲೇ ವಸೂಲಾಗಬಹುದು ಎಂಬುದನ್ನು ಜಾಮೀನುದಾರರಿಗೆ ಮುಚ್ಚಿಡಬೇಡಿ. ಕೋರ್ಟಿನ ಹೊರಗೆ ದುಡ್ಡಿಗೆ ಶ್ಯೂರಿಟಿ ನಿಲ್ಲುವವರ ಸಹವಾಸವಂತೂ ಬೇಡವೇ ಬೇಡ. ದಾಖಲೆ ನಕಲಿಯಾಗಿದ್ದರೆ ಹೊಸ ಕೇಸು ನಿಮ್ಮ ಕೊರಳಿಗೂ ಬೀಳುತ್ತದೆ. ಒಳ್ಳೆಯ ಮನಸ್ಸಿನಿಂದ ಒಬ್ಬರೇ ಸದಸ್ಯರು ಎಲ್ಲರಿಗೂ ನಿಲ್ಲುವುದೂ ಸಲ್ಲದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 486ರ ಪ್ರಕಾರ, ತಾವು ಎಷ್ಟು ಜನರಿಗೆ ಜಾಮೀನು ನಿಂತಿದ್ದೇವೆ ಎಂದು ಜಾಮೀನುದಾರರು ಘೋಷಿಸಬೇಕು.

ಊರಿನ ಜನವೇ ಇಲ್ಲದಿದ್ದರೆ ಷರತ್ತು ಬದಲಿಸುವಂತೆ ಅರ್ಜಿ ಹಾಕಿಸಿ. ಮೊತ್ತ ವಿಪರೀತವಾಗಿರಬಾರದು ಎನ್ನುತ್ತದೆ ಅದೇ ಸಂಹಿತೆಯ ಸೆಕ್ಷನ್ 484. 1978ರ ಮೋತಿರಾಮ್ ಪ್ರಕರಣದಲ್ಲಿ, ಆಸ್ತಿ ಬೇರೆ ಜಿಲ್ಲೆಯದು ಎಂದು ಗಾರೆಯವನೊಬ್ಬನ ಅಣ್ಣತಮ್ಮನ ಜಾಮೀನನ್ನು ತಳ್ಳಿಹಾಕಿದ್ದನ್ನು ಸುಪ್ರೀಂ ಕೋರ್ಟು ಒಪ್ಪದೆ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಿಸಿತ್ತು. ಜಾಮೀನು ಕೊಡಲೇಬೇಕಾದ ಸಣ್ಣ ಅಪರಾಧಗಳಲ್ಲಿ, ಬಂಧನವಾಗಿ ಒಂದು ವಾರದೊಳಗೆ ಬಾಂಡ್ ಕೊಡಲಾಗದವರನ್ನು ಬಡವರೆಂದೇ ಭಾವಿಸಬೇಕೆಂದು ಸೆಕ್ಷನ್ 478 ಹೇಳುತ್ತದೆ. ಅರ್ಜಿಗೆ ಬಲ ಕೊಡುವುದು ನೀವು ತಂದ ವಿವರ: ದಿನಗೂಲಿ ಎಷ್ಟು, ಮನೆಯಲ್ಲಿ ಎಷ್ಟು ಜನ, ಬಾಡಿಗೆಯೋ ಸ್ವಂತವೋ. ಒಂದು ಪುಟ ಸಾಕು.

ಹಣದ ವಿಷಯ. ಕೇಂದ್ರ ಗೃಹ ಸಚಿವಾಲಯದ ಬಡ ಕೈದಿಗಳ ನೆರವು ಯೋಜನೆ 2023ರಲ್ಲಿ ಶುರುವಾದಾಗ ಜಾಮೀನಿಗೆ 40,000, ದಂಡಕ್ಕೆ 25,000 ರೂಪಾಯಿ ಮಿತಿ ಇತ್ತು; ಈಗಿನ ಮಿತಿಯನ್ನು ಪ್ರಾಧಿಕಾರದಲ್ಲಿ ಕೇಳಿ. ಎನ್‌ಡಿಪಿಎಸ್ (ಮಾದಕ ವಸ್ತು), ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ), ಭ್ರಷ್ಟಾಚಾರ, ಅಕ್ರಮ ಹಣ ವರ್ಗಾವಣೆಯ ಕೇಸುಗಳಿಗೆ ಅದು ಸಿಗದು. ಮೊದಲು ಆ ದಾರಿ ನೋಡಿ, ಆಮೇಲೆ ಸಂಘದ ನಿಧಿಗೆ ಕೈಹಾಕಿ. ಸೆಕ್ಷನ್ 490ರಡಿ ಕೋರ್ಟು ಒಪ್ಪಿದರೆ ನಗದು ಠೇವಣಿ ಇಡಬಹುದು. ಮನೆಯವರ ಕೈಗೆ ನಗದು ಕೊಡಬೇಡಿ, ಕೋರ್ಟಿನಲ್ಲೇ ಕಟ್ಟಿ.

ಒಳಗೆ ಹೋದಾಗ ಒಂದು ಬೀಡಿ, ಒಂದು ಚೀಟಿ, ಒಂದು "ಅವನಿಗೆ ಹೇಳಿಬಿಡಿ" ಕೂಡ ಸಾಗಿಸಬಾರದು. ಎದುರಾಳಿ ಗುಂಪುಗಳವರು ಒಳಗಿರುವಾಗ ಚಿಕ್ಕ ಸಂದೇಶವೂ ಹೊಡೆದಾಟಕ್ಕೆ ಕಾರಣವಾದೀತು. ದೂರುದಾರರನ್ನಾಗಲಿ ಸಾಕ್ಷಿಗಳನ್ನಾಗಲಿ ಭೇಟಿಯಾಗಬೇಡಿ. ರಾಜಿ ಮಾಡಿಸಲು ಹೋದರೂ ಅದು ಸಾಕ್ಷಿಗೆ ಬೆದರಿಕೆ ಎನಿಸಿ ಜಾಮೀನೇ ರದ್ದಾಗಬಹುದು.

ಬಿಡುಗಡೆ ಸಂಜೆ ಹೊತ್ತಿಗೂ ಆಗಬಹುದು. ಊರಿನವರೆಗಿನ ಬಸ್ಸು ಅಥವಾ ರೈಲಿನ ಖರ್ಚು, ಒಂದು ಊಟ, ಮುಂದಿನ ವಾಯಿದೆ ಬರೆದ ಚೀಟಿ ಸಿದ್ಧವಿರಲಿ. ಕೇಸಿನ 16 ಅಕ್ಷರದ ಸಿಎನ್‌ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪಿಗೆ ಹಾಕಿದರೆ ತಾರೀಕು ಸಿಗುತ್ತದೆ. ಎರಡು ದಿನ ಮೊದಲೇ ಫೋನ್ ಮಾಡಿ ನೆನಪಿಸಿ. ಮೀನುಗಾರರ ವಿಷಯದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲಕ್ಕೆ ಎಚ್ಚರ: ಬೋಟು ಕಟ್ಟಿದ ಮೇಲೆ ಹೊರಗಿನವರು ಊರಿಗೆ ಹೋಗಿಬಿಡುತ್ತಾರೆ, ವಾಯಿದೆ ತಪ್ಪುತ್ತದೆ, ವಾರಂಟ್ ಆಗುತ್ತದೆ, ಜಾಮೀನುದಾರರಿಗೆ ನೋಟಿಸ್ ಬರುತ್ತದೆ. ಮೇ ತಿಂಗಳಲ್ಲೇ ವಕೀಲರ ಜೊತೆ ಮಾತಾಡಿ, ಹಾಜರಿ ವಿನಾಯಿತಿಗೆ ಅರ್ಜಿ ಬೇಕೇ ಎಂದು ತೀರ್ಮಾನಿಸಿ. ಠೇವಣಿಯ ಮೂಲ ರಶೀದಿ ಸಂಘದ ಕಪಾಟಿನಲ್ಲಿ ಇರಲಿ. ಕೇಸು ಮುಗಿದ ಮೇಲೆ ಹಣ ಮರಳಿ ಪಡೆಯಲು ಅರ್ಜಿ ಹಾಕಿದರೆ ಅದೇ ದುಡ್ಡು ಇನ್ನೊಬ್ಬರಿಗೆ ಒದಗುತ್ತದೆ.