ಭಯ ಕಲಿಯುವಾಗ ಸಿನಾಪ್ಸ್‌ನಲ್ಲಿ ನಡೆಯುವುದೇನು? ಹಂತ ಹಂತವಾಗಿ ನೋಡೋಣ

ಸದ್ದು ಕೇಳಿದ ಬೆನ್ನಿಗೇ ನೋವಾಯಿತು ಎನ್ನಿ. ಮುಂದಿನ ಸಲ ಬರೀ ಸದ್ದಿಗೇ ಎದೆ ಹೊಡೆದುಕೊಳ್ಳುತ್ತದೆ. ಈ ಎರಡರ ನಡುವೆ ಮಿದುಳಿನಲ್ಲಿ ಬದಲಾಗುವುದು ಮುಖ್ಯವಾಗಿ ನರಕೋಶಗಳು ಒಂದನ್ನೊಂದು ಸಂಧಿಸುವ ಜಾಗ, ಅಂದರೆ ಸಿನಾಪ್ಸ್.

ಮೊದಲು ಪ್ರಯೋಗದ ಏರ್ಪಾಟು. ಇಲಿಗೆ 20–30 ಸೆಕೆಂಡ್ ಒಂದೇ ಸ್ವರ ಕೇಳಿಸಿ, ಅದು ಮುಗಿಯುವ ಹೊತ್ತಿಗೆ ಪಾದಕ್ಕೆ ಅರೆಕ್ಷಣದ ಸಣ್ಣ ವಿದ್ಯುತ್ ಆಘಾತ ಕೊಡುತ್ತಾರೆ. ಮರುದಿನ ಸ್ವರ ಮಾತ್ರ ಕೇಳಿಸಿ, ಇಲಿ ಎಷ್ಟು ಸೆಕೆಂಡ್ ಮಿಸುಕಾಡದೆ ನಿಂತಿತೆಂದು ಎಣಿಸುತ್ತಾರೆ; ಹೆದರಿದ ಇಲಿ ಹಾಗೆ ನಿಂತುಬಿಡುತ್ತದೆ. ಈ ಪರೀಕ್ಷೆಗೆ ನೆಲ, ವಾಸನೆ ಎಲ್ಲವೂ ಬೇರೆಯಾದ ಪೆಟ್ಟಿಗೆ ಬೇಕು. ಇಲ್ಲದಿದ್ದರೆ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ನೆನಪಿಟ್ಟ ಜಾಗದ ಭಯವೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಇನ್ನೊಂದು ಗುಂಪಿಗೆ ಅಷ್ಟೇ ಸ್ವರ, ಅಷ್ಟೇ ಆಘಾತ ಕೊಡಬೇಕು, ಆದರೆ ಒಂದಕ್ಕೊಂದು ಜೋಡಿಸದೆ. ಈ ಹೋಲಿಕೆಯ ಗುಂಪಿಲ್ಲದಿದ್ದರೆ ಇಲಿ ಕಲಿತಿತೋ, ಸುಮ್ಮನೆ ಬೆದರಿತೋ ಹೇಳಲಾಗದು.

ಸ್ವರದ ಸುದ್ದಿ ಥಲಾಮಸ್ (ಇಂದ್ರಿಯಗಳ ಸುದ್ದಿಯನ್ನು ಮುಂದೆ ದಾಟಿಸುವ ಭಾಗ) ಮತ್ತು ಶ್ರವಣ ಕಾರ್ಟೆಕ್ಸ್ (ಸದ್ದನ್ನು ಗ್ರಹಿಸುವ ಮಿದುಳಿನ ಹೊರಪದರ) ಮೂಲಕ, ಭಯದ ಕಲಿಕೆಯ ಕೇಂದ್ರವಾದ ಅಮಿಗ್ಡಾಲದ ಪಾರ್ಶ್ವ ಭಾಗ ತಲುಪುತ್ತದೆ. ನೋವಿನ ಸುದ್ದಿಯೂ ಅಲ್ಲಿಗೇ, ಅದೇ ನರಕೋಶಗಳಿಗೇ ಬರುತ್ತದೆ. ಸ್ವರದ ಸಂಪರ್ಕ ದುರ್ಬಲ, ನೋವಿನದು ಪ್ರಬಲ.

ಈಗ ಆ ಸಂಧಿಯ ಒಳಗೆ. ಎರಡು ಕೋಶಗಳ ನಡುವೆ ಸುಮಾರು 20 ನ್ಯಾನೋಮೀಟರ್ ಬಿರುಕು. ಸ್ವರ ಬಂದಾಗ ಅದರೊಳಕ್ಕೆ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಸುರಿಯುತ್ತದೆ, ಆಚೆ ಬದಿಯಲ್ಲಿ ಅದನ್ನು ಹಿಡಿಯುವ, ಬಾಗಿಲಿನಂಥ ಆಂಪಾ ಗ್ರಾಹಕಗಳು ತೆರೆದು ಸೋಡಿಯಂ ಒಳಹೋಗುತ್ತದೆ. ಪಕ್ಕದಲ್ಲೇ ಇನ್ನೊಂದು ಬಗೆಯ, ಎನ್‌ಎಂಡಿಎ ಎಂಬ ಗ್ರಾಹಕಗಳಿವೆ. ಗ್ಲುಟಮೇಟ್ ಬಂದು ಕೂತರೂ ಅವು ಕೆಲಸ ಮಾಡವು, ಏಕೆಂದರೆ ಅವುಗಳ ರಂಧ್ರಕ್ಕೆ ಮೆಗ್ನೀಸಿಯಂ ಅಯಾನು ಬಿರಡೆಯಂತೆ ಸಿಕ್ಕಿಕೊಂಡಿರುತ್ತದೆ. ಕೋಶದ ವೋಲ್ಟೇಜ್ ಸುಮಾರು −70 ಮಿಲಿವೋಲ್ಟ್‌ನಿಂದ ಸಾಕಷ್ಟು ಮೇಲೇರಿದರೆ ಮಾತ್ರ ಅದು ಹೊರಬೀಳುತ್ತದೆ. ಆ ಏರಿಕೆ ಕೊಡುವುದು ನೋವಿನ ಸಂಕೇತ. ಎರಡೂ ಒಟ್ಟಿಗೆ ಸೇರಿದ ಸಂಧಿಗಳಲ್ಲಿ ಕ್ಯಾಲ್ಸಿಯಂ ನುಗ್ಗುತ್ತದೆ. ಇಡೀ ಕಲಿಕೆ ನಿಂತಿರುವುದು ಈ ಹೊಂದಾಣಿಕೆಯ ಮೇಲೆ. ಆಘಾತ ಮುಗಿದ ಮೇಲೆ ಸ್ವರ ಕೇಳಿಸಿದರೆ ಸ್ವರದ ಭಯ ಸರಿಯಾಗಿ ಹುಟ್ಟುವುದಿಲ್ಲ. ತರಬೇತಿಗೆ ಮುಂಚೆ ಅಮಿಗ್ಡಾಲಕ್ಕೆ ಎನ್‌ಎಂಡಿಎ ತಡೆಯುವ ಔಷಧಿ ಹಾಕಿದರೂ ಹಾಗೆಯೇ. 1990ರಲ್ಲೇ ಇದನ್ನು ತೋರಿಸಲಾಯಿತು.

ಕ್ಯಾಲ್ಸಿಯಂ ಕೆಲವು ಕೈನೇಸ್ ಕಿಣ್ವಗಳನ್ನು ಎಬ್ಬಿಸುತ್ತದೆ. ಅವು ಇನ್ನಷ್ಟು ಆಂಪಾ ಗ್ರಾಹಕಗಳನ್ನು ಸಿನಾಪ್ಸ್‌ಗೆ ತಂದು ಕೂರಿಸುವ ಕೆಲಸಕ್ಕೆ ಚಾಲನೆ ಕೊಡುತ್ತವೆ. ಇನ್ನು ಮುಂದೆ ಅಷ್ಟೇ ಗ್ಲುಟಮೇಟ್‌ಗೆ ಕೋಶ ಹೆಚ್ಚು ಜೋರಾಗಿ ಪ್ರತಿಕ್ರಿಯಿಸುತ್ತದೆ. 2005ರ ಪ್ರಯೋಗವೊಂದರಲ್ಲಿ ಪಾರ್ಶ್ವ ಅಮಿಗ್ಡಾಲದ 10–20 ಶೇಕಡಾ ನರಕೋಶಗಳಲ್ಲಿ ಈ ಸೇರ್ಪಡೆಯನ್ನು ತಡೆದದ್ದೇ ನೆನಪು ಕೆಡಲು ಸಾಕಾಯಿತು.

ಇಷ್ಟರಿಂದ ಕೆಲವು ಗಂಟೆ ಉಳಿಯುವ ನೆನಪು ಸಿಕ್ಕಿತು. ದಿನಗಟ್ಟಲೆ ಉಳಿಯಬೇಕಾದರೆ ಜೀನ್‌ಗಳು ಚಾಲೂ ಆಗಿ ಹೊಸ ಪ್ರೋಟೀನ್ ತಯಾರಾಗಬೇಕು. ತರಬೇತಿ ಮುಗಿದ ಕೂಡಲೇ ಅನಿಸೊಮೈಸಿನ್ ಎಂಬ ಔಷಧಿ ಕೊಟ್ಟು ಆ ತಯಾರಿ ನಿಲ್ಲಿಸಿದರೆ ಅದೇ ದಿನ ಭಯವಿರುತ್ತದೆ, ಮರುದಿನ ಇರುವುದಿಲ್ಲ. 2000ದಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು, ನನ್ನ ಮಟ್ಟಿಗೆ ಇಡೀ ವಿಷಯದಲ್ಲೇ ಅತ್ಯಂತ ಮುಖ್ಯವಾದದ್ದು: ಗಟ್ಟಿಯಾದ ನೆನಪನ್ನು ಕೆದಕಿದರೆ, ಅಂದರೆ ಸ್ವರವನ್ನು ಮತ್ತೆ ಕೇಳಿಸಿದರೆ, ಅದು ಮತ್ತೆ ಸಡಿಲಾಗುತ್ತದೆ. ಕೆದಕಿದ ಕೂಡಲೇ ಅನಿಸೊಮೈಸಿನ್ ಕೊಟ್ಟರೆ ನೆನಪು ಕೆಡುತ್ತದೆ. 6 ಗಂಟೆ ತಡವಾಗಿ ಕೊಟ್ಟರೆ ಏನೂ ಆಗದು, ಕೆದಕದೆ ಕೊಟ್ಟರೂ ಅಷ್ಟೇ.

ಸಂಧಿ ಬಲವಾಗುವುದೇ ಭಯದ ಕಾರಣವೋ, ಜೊತೆಯಲ್ಲಿ ಆಗುವ ಬದಲಾವಣೆಯೋ? 2014ರಲ್ಲಿ ಶ್ರವಣ ತಂತುಗಳು ಬೆಳಕಿಗೆ ಸ್ಪಂದಿಸುವಂತೆ ಮಾಡಿ, ಸ್ವರದ ಬದಲು ಬೆಳಕಿನಿಂದ ಅವನ್ನೇ ಕೆರಳಿಸಿ ಭಯ ಕಲಿಸಿದರು. ಆಮೇಲೆ ಸೆಕೆಂಡಿಗೆ 1ರಂತೆ ಮಿಂಚಿಸಿ ಸಂಧಿ ದುರ್ಬಲಗೊಳಿಸಿದಾಗ ಭಯ ಅಡಗಿತು. 100ರಂತೆ ಮಿಂಚಿಸಿದಾಗ ಮರಳಿತು.

ಪ್ರಯೋಗ ಎಡವುವುದು ಹೆಚ್ಚಾಗಿ ಆಘಾತದ ಪ್ರಮಾಣದಲ್ಲಿ. ಜೋರಾದರೆ ಇಲಿ ಬೇರೆ ಸ್ವರಗಳಿಗೂ ಹೆದರುತ್ತದೆ, ಆಗ ಕಲಿಕೆಯ ನಿಖರತೆ ಅಳೆಯಲಾಗದು. ಭಯ ಬಿಡಿಸುವಾಗಲೂ ಒಂದು ತಪ್ಪು ತಿಳಿವಳಿಕೆ ಇದೆ. ಆಘಾತವಿಲ್ಲದೆ ಸ್ವರವನ್ನು ಮತ್ತೆ ಮತ್ತೆ ಕೇಳಿಸಿದರೆ ಹಳೆಯ ಸಂಧಿಗಳು ಪೂರ್ತಿ ಅಳಿಸಿಹೋಗುವುದಿಲ್ಲ. ಮಿದುಳಿನ ಮುಂಭಾಗದ ಕಾರ್ಟೆಕ್ಸ್ ಮತ್ತು ಅಮಿಗ್ಡಾಲದ ತಡೆ ಕೋಶಗಳು ಸೇರಿ ಭಯವನ್ನು ಹತ್ತಿಕ್ಕಲು ಹೊಸದಾಗಿ ಕಲಿಯುತ್ತವೆ. ಈ ಕಲಿಕೆ ಜಾಗಕ್ಕೆ ಅಂಟಿಕೊಂಡಿರುವುದರಿಂದ ಬೇರೆ ಪೆಟ್ಟಿಗೆಗೆ ಹಾಕಿದರೆ ಭಯ ಮರಳುತ್ತದೆ. ಕೆಲವು ವಾರ ಕಳೆದರೂ ತಾನಾಗಿ ಮರಳಬಹುದು. ಹಾಗಾಗಿ ಬಿಡಿಸುವ ಅಭ್ಯಾಸವನ್ನು ಹಲವು ಜಾಗಗಳಲ್ಲಿ, ದಿನಗಳ ಅಂತರ ಬಿಟ್ಟು ಮಾಡಿಸುವುದು ಉತ್ತಮ.